ಜೆ.ಒ.ಸಿ. ಹೋಯಿತು, ಪ್ರಶ್ನೆ ಉಳಿಯಿತು: ಹತ್ತನೇ ಕ್ಲಾಸು ಮುಗಿದವರು ಎತ್ತ ಹೋಗಬೇಕು?

ದಾವಣಗೆರೆ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನದಿಂದ ನಮ್ಮೂರಿನಲ್ಲಿ ಎರಡು ವ್ಯಾಪಾರ ಬಲು ಜೋರು. ಒಂದು ಜೆರಾಕ್ಸ್ ಅಂಗಡಿ, ಇನ್ನೊಂದು ಫ್ಲೆಕ್ಸ್ ಅಂಗಡಿ. ಜೆರಾಕ್ಸ್ ಅಂಗಡಿ ಮುಂದೆ ಅಪ್ಪ-ಅಮ್ಮಂದಿರು ಜಾತಿ ಪತ್ರ, ಆದಾಯ ಪತ್ರ, ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು ಹಿಡಿದು ನಿಂತಿರುತ್ತಾರೆ. ಫ್ಲೆಕ್ಸ್ ಅಂಗಡಿಗೆ ಬರುವವರು ಪಿ.ಯು. ಕಾಲೇಜುಗಳ ಆಡಳಿತ ಮಂಡಳಿಯವರು. ಎರಡು ದಿನ ಕಳೆಯುವಷ್ಟರಲ್ಲಿ ಜಯದೇವ ವೃತ್ತದಿಂದ ಹಿಡಿದು ವಿದ್ಯಾನಗರದವರೆಗೆ ಕಂಬ ಕಂಬಕ್ಕೂ ಮಕ್ಕಳ ಮುಖ. ಇಂಥವನಿಗೆ ನೀಟ್‌ನಲ್ಲಿ ಇಷ್ಟು, ಇಂಥವಳಿಗೆ ಸಿ.ಇ.ಟಿ.ಯಲ್ಲಿ ಇಷ್ಟನೇ ರ‍್ಯಾಂಕು.

ಬಸ್ಸಿನ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಾ ಬರುವ ಹಳ್ಳಿಯ ತಂದೆಗೆ ಏನನ್ನಿಸಬೇಕು? ಹತ್ತನೇ ಕ್ಲಾಸಿನ ನಂತರ ಲೋಕದಲ್ಲಿ ಇರುವುದು ಒಂದೇ ದಾರಿ, ಅದು ಪಿಯುಸಿ ಸೈನ್ಸು ಎಂದು ಅನ್ನಿಸುತ್ತದೆ. ಐ.ಟಿ.ಐ. ಮುಗಿಸಿ ಲೈಸೆನ್ಸ್ ಪಡೆದ ವೈರ್‌ಮನ್ ಒಬ್ಬನ ಫೋಟೋ ಹಾಕಿದ ಫ್ಲೆಕ್ಸನ್ನು ಈ ಊರಿನಲ್ಲಿ ಯಾರಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ.

ಆದರೆ ಅದೇ ಊರಿನ ಅಂಗಡಿ ಸಾಲಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮೋಟರ್ ರಿವೈಂಡಿಂಗ್ ಮಾಡುವವರು ಹುಡುಗರು ಸಿಗುತ್ತಿಲ್ಲ ಎನ್ನುತ್ತಾರೆ. ಟ್ರ್ಯಾಕ್ಟರ್ ಗ್ಯಾರೇಜಿನವರದೂ ಅದೇ ರಾಗ. ಭದ್ರಾ ನಾಲೆಯ ಸೀಮೆಯಲ್ಲಿ ಭತ್ತದ ಕಟಾವು ಶುರುವಾದರೆ ಯಂತ್ರ ಹೊರ ರಾಜ್ಯದ್ದು, ಅದರ ಮೇಲೆ ಕೂತವನೂ ಹೊರ ರಾಜ್ಯದವನೇ. ಇತ್ತ ಬಿ.ಎ. ಆದ ಹುಡುಗ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ನಿಂತು ಕವರ್ ಮಾರುತ್ತಿದ್ದಾನೆ. ಕೌಂಟರಿನಲ್ಲಿ ನಿಲ್ಲುವುದು ಕೀಳು ಅಂತಲ್ಲ. ಅದಕ್ಕೆ ಐದು ವರ್ಷ ಕಾಲೇಜಿಗೆ ಹೋಗಬೇಕಿತ್ತೇ ಎಂಬುದು ಅವನ ಅಪ್ಪನ ಪ್ರಶ್ನೆ.

ಇದು ಹೊಸ ಪ್ರಶ್ನೆ ಅಂತೀರಾ? ಅಲ್ಲ ಸ್ವಾಮಿ. ನಮ್ಮ ಸರ್ಕಾರಗಳು ಇದಕ್ಕೆ ಐವತ್ತು ವರ್ಷದಿಂದ ಉತ್ತರ ಬರೆಯುತ್ತಲೇ ಇವೆ, ಅಳಿಸುತ್ತಲೇ ಇವೆ.

ಜೆ.ಒ.ಸಿ. ಎಂಬ ಮೂರಕ್ಷರ

ಮೂವತ್ತೈದು ದಾಟಿದ ಓದುಗರಿಗೆ ಜೆ.ಒ.ಸಿ. ಅಂದರೆ ಬಿಡಿಸಿ ಹೇಳಬೇಕಿಲ್ಲ. ಜಾಬ್ ಓರಿಯೆಂಟೆಡ್ ಕೋರ್ಸ್. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಹತ್ತನೇ ಕ್ಲಾಸು ಮುಗಿಸಿದ ಮಕ್ಕಳನ್ನೆಲ್ಲ ಡಿಗ್ರಿ ಕಾಲೇಜಿನ ಕಡೆಗೇ ಅಟ್ಟಬೇಡಿ, ಒಂದಷ್ಟು ಮಂದಿಗೆ ಕೈಕೆಲಸದ ಓದು ಕೊಡಿ ಎಂದು ಹೇಳಿತ್ತು. ಅದನ್ನು ಕೇಳಿಸಿಕೊಂಡು ಬೇಗ ಕೆಲಸಕ್ಕಿಳಿದ ರಾಜ್ಯಗಳಲ್ಲಿ ನಮ್ಮದೂ ಒಂದು. 1977-78ರಲ್ಲಿ ಕರ್ನಾಟಕದಲ್ಲಿ ಪಿಯುಸಿ ಮಟ್ಟದಲ್ಲೇ ವೃತ್ತಿ ಶಿಕ್ಷಣ ಶುರುವಾಯಿತು. ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಇಂಥದೊಂದು ಯೋಜನೆ ತಂದದ್ದು 1988ರಲ್ಲಿ. ಹತ್ತು ವರ್ಷ ಮುಂದಿದ್ದೆವು ಎನ್ನಿ.

ಕೋರ್ಸುಗಳೋ, ತರಹೇವಾರಿ. ಎಲೆಕ್ಟ್ರಿಕಲ್ ವೈರಿಂಗ್, ರೇಷ್ಮೆ, ಹೈನುಗಾರಿಕೆ, ಲೆಕ್ಕಪತ್ರ, ಹೊಲಿಗೆ-ಕಸೂತಿ, ಲ್ಯಾಬ್ ಟೆಕ್ನಿಶಿಯನ್, ಆಮೇಲಾಮೇಲೆ ಕಂಪ್ಯೂಟರ್. ಗಡಿಯಾರ ರಿಪೇರಿಗೂ ಒಂದು ಕೋರ್ಸಿತ್ತು. ನಗಬೇಡಿ. ಅದು ಎಚ್.ಎಂ.ಟಿ. ವಾಚು ಕಟ್ಟದೆ ಮದುವೆ ಗಂಡು ಹಸೆ ಏರದಿದ್ದ ಕಾಲ. ವಾಚು ರಿಪೇರಿ ಕಲಿತವನು ಬಸ್ ಸ್ಟ್ಯಾಂಡಿನಲ್ಲಿ ಒಂದು ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಸಂಸಾರ ಸಾಗಿಸುತ್ತಿದ್ದ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚ್ ಕಂಪನಿಯನ್ನೇ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಆ ಕೋರ್ಸೂ ಇರಲಿಲ್ಲ, ಜೆ.ಒ.ಸಿ.ಯೂ ಇರಲಿಲ್ಲ. 2010ರ ಆಸುಪಾಸಿನಲ್ಲಿ ಸರ್ಕಾರ ಅದಕ್ಕೆ ಬೀಗ ಹಾಕಿತ್ತು.

ಚಾಮರಾಜಪೇಟೆ ಕಡೆ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿರುವ ಒಬ್ಬರು ಹಳೇ ಜೆ.ಒ.ಸಿ. ಗಿರಾಕಿ. ಎಂಬತ್ತರ ದಶಕದಲ್ಲಿ, ಅಂದರೆ ನಾವಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗ, ವೈರಿಂಗ್ ಕೋರ್ಸ್ ಮಾಡಿದವರು. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಹೋಗಿ ಕೂತೆ. ಚಹಾ ತರಿಸಿದರು.

“ನೋಡ್ರಿ, ನಮಗೆ ಪಾಠ ಹೇಳಿದ ಮೇಷ್ಟ್ರು ಭಾಳ ಒಳ್ಳೇರು. ಆದ್ರೆ ಅವರದ್ದೇ ಪಕ್ಕಾ ನೌಕ್ರಿ ಅಲ್ಲ. ತಾಸಿಗೆ ಇಷ್ಟು ಅಂತ ಸಂಬಳ. ನಮಗೆ ನೌಕ್ರಿ ಹೆಂಗ್ ಸಿಗ್ತತೆ ಅಂತ ಹೇಳ್ಕೊಡೋರಿಗೇ ನೌಕ್ರಿ ಭರವಸೆ ಇಲ್ಲ ಅಂದ್ರೆ ಹೆಂಗ್ರಿ?”

ಈ ಮಾತು ಸುಳ್ಳಲ್ಲ. ಜೆ.ಒ.ಸಿ. ಉಪನ್ಯಾಸಕರಲ್ಲಿ ಬಹಳ ಮಂದಿ ಅರೆಕಾಲಿಕರು. ವರ್ಷಗಟ್ಟಲೆ ಧರಣಿ ಕೂತವರು, ಕೋರ್ಟು ಹತ್ತಿದವರು.

“ಕೆಲಸ ಕಲ್ತ್ರಾ?” ಎಂದೆ.

“ಕಲ್ತೆ. ಈ ಅಂಗಡಿ ಅದರಿಂದ್ಲೇ. ಅದು ಬ್ಯಾರೆ ಮಾತು. ಆದ್ರೆ ನನ್ನ ಜತೆ ಓದಿದೋನೊಬ್ಬ ಶಾಣ್ಯಾ ಇದ್ದ. ಮುಂದೆ ಡಿಗ್ರಿ ಮಾಡ್ತೀನಿ ಅಂತ ಹೋದ. ನಿಂದು ಪಿಯುಸಿ ಅಲ್ಲ, ಜೆ.ಒ.ಸಿ. ಅಂದ್ರು. ಅಲ್ಲಿಂದ ವಾಪಸ್ ಬಂದೋನು ಯಾರಿಗೂ ಆ ಕೋರ್ಸಿಗೆ ಹೋಗ್ರಿ ಅಂತ ಹೇಳ್ಲಿಲ್ಲ.”

ಇಡೀ ಕಥೆ ಈ ಮಾತಿನಲ್ಲಿದೆ. ಜೆ.ಒ.ಸಿ. ಪಿಯುಸಿಗೆ ಸಮವೋ ಅಲ್ಲವೋ ಎಂಬ ತಕರಾರು ಆ ಕೋರ್ಸಿನ ಆಯುಷ್ಯಕ್ಕಿಂತ ಉದ್ದ ಬೆಳೆಯಿತು. ಒಳಗೆ ಹೋಗಲು ಬಾಗಿಲಿತ್ತು, ಆ ಕಡೆ ಹೊರಗೆ ಬರಲು ಇರಲಿಲ್ಲ. ಗೋಡೆಗೆ ಹತ್ತುವ ರಸ್ತೆಗೆ ಯಾವ ತಂದೆ ತನ್ನ ಮಗನನ್ನು ಕಳಿಸುತ್ತಾನೆ? ‘ಓದಲಿಕ್ಕೆ ಬಾರದವರ ಕೋರ್ಸು’ ಎಂಬ ಹಣೆಪಟ್ಟಿ ಬಿತ್ತು. ಒಮ್ಮೆ ಬಿದ್ದ ಮೇಲೆ ನಿಜವಾಗಿಯೂ ಎಲ್ಲೂ ಸೀಟು ಸಿಗದವರೇ ಅಲ್ಲಿ ಸೇರತೊಡಗಿದರು.

ದೆಹಲಿಯವರ ಲೆಕ್ಕ ಏನಿತ್ತು ಗೊತ್ತೇ? 1986ರ ಶಿಕ್ಷಣ ನೀತಿಯ ಪ್ರಕಾರ 1990ರ ಹೊತ್ತಿಗೆ ಹೈಯರ್ ಸೆಕೆಂಡರಿ ಮಕ್ಕಳಲ್ಲಿ ಶೇ. 10, 1995ರ ಹೊತ್ತಿಗೆ ಶೇ. 25 ಮಂದಿ ವೃತ್ತಿ ಕೋರ್ಸುಗಳಲ್ಲಿ ಇರಬೇಕಿತ್ತು. ಆಗಲಿಲ್ಲ. 1992ರಲ್ಲಿ ಗಡುವನ್ನು ಐದು ವರ್ಷ ಮುಂದಕ್ಕೆ ಹಾಕಿದರು. ಆಗಲೂ ಆಗಲಿಲ್ಲ. 2020ರ ನೀತಿ ಇನ್ನೂ ದೊಡ್ಡ ಮಾತು ಹೇಳಿತು: 2025ರೊಳಗೆ ಶಾಲೆ-ಕಾಲೇಜಿನ ಮಕ್ಕಳಲ್ಲಿ ಕನಿಷ್ಠ ಶೇ. 50 ಮಂದಿಗೆ ವೃತ್ತಿ ಶಿಕ್ಷಣದ ಪರಿಚಯವಾದರೂ ಆಗಬೇಕು. ‘ಪರಿಚಯ’ ಎಂಬ ಪದ ಗಮನಿಸಿ. ನಮ್ಮ ಮಂಡಿಪೇಟೆ ವರ್ತಕರಿಗೆ ಗೊತ್ತು, ಪರಿಚಯ ಇರುವುದು ಬೇರೆ, ಉದ್ರಿ ಕೊಡುವಷ್ಟು ನಂಬಿಕೆ ಇರುವುದು ಬೇರೆ.

ಹಿಂದಿ ಬದಲು ಸ್ಪ್ಯಾನರು

ಜೆ.ಒ.ಸಿ. ಹೋದ ಜಾಗಕ್ಕೆ ಬಂದದ್ದು ಎನ್.ಎಸ್.ಕ್ಯೂ.ಎಫ್. ಎಂಬ ನಾಲಿಗೆ ಹೊರಳದ ಹೆಸರು. ಕೇಂದ್ರ ಇದನ್ನು 2013ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಇದರಡಿ ಆಯ್ದ ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ಕ್ಲಾಸಿನಿಂದಲೇ ವೃತ್ತಿ ವಿಷಯ ಹೇಳಿಕೊಡುತ್ತಾರೆ. ಮೂರನೇ ಭಾಷೆಯ ಜಾಗದಲ್ಲಿ ಮಗು ಇದನ್ನು ತೆಗೆದುಕೊಳ್ಳಬಹುದು. ಅಂದರೆ ಹಿಂದಿ ಬದಲು ಆಟೊಮೊಬೈಲ್, ಇಲ್ಲವೇ ಐ.ಟಿ., ರೀಟೇಲ್, ಹೆಲ್ತ್ ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್. ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ ಮಾರ್ಕ್ಸೂ ಉಂಟು. ಪಿಯುಸಿಯಲ್ಲೂ ಈ ವಿಷಯಗಳಿವೆ, ಎರಡನೇ ಪಿಯುಸಿ ವೇಳಾಪಟ್ಟಿ ಪ್ರಕಟವಾದಾಗ ಕೆಳಗಡೆ ಸಾಲಿನಲ್ಲಿ ಕಾಣುತ್ತವೆ. ಆದರೆ ಎಷ್ಟು ಕಾಲೇಜಿನಲ್ಲಿ ಇವೆ ಎಂದು ಹುಡುಕಹೊರಟರೆ ಚಪ್ಪಲಿ ಸವೆಯುತ್ತದೆ. ಹೇಳಿಕೊಡುವವರು ಇಲ್ಲೂ ಬಹುಪಾಲು ಗುತ್ತಿಗೆಯವರು. ಹಳೇ ಹಾಡೇ, ತಾಳ ಹೊಸದು.

ಆದರೂ ಇದರಿಂದ ಏನೂ ಆಗಿಲ್ಲ ಅನ್ನಲಾರೆ. ಮಾಯಕೊಂಡ ಕಡೆಯ ಹಳ್ಳಿಯೊಂದರಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಒಬ್ಬರು ವಾರಕ್ಕೊಮ್ಮೆ ಸಾಮಾನಿಗಾಗಿ ಮಂಡಿಪೇಟೆಗೆ ಬರುತ್ತಾರೆ. ಈ ಸಲ ಜೊತೆಗೆ ಮಗಳೂ ಇದ್ದಳು. ಸರ್ಕಾರಿ ಹೈಸ್ಕೂಲಿನಲ್ಲಿ ಓದಿದ ಹುಡುಗಿ, ಎಸ್ಸೆಸ್ಸೆಲ್ಸಿಯಲ್ಲಿ ಶೇ. 64. ಒಂಬತ್ತು, ಹತ್ತರಲ್ಲಿ ಹಿಂದಿ ಬಿಟ್ಟು ಆಟೊಮೊಬೈಲ್ ತೆಗೆದುಕೊಂಡಿದ್ದಳಂತೆ.

“ಏನೇನು ಬರ್ತದಮ್ಮಾ?” ಎಂದು ಕೇಳಿದೆ.

“ಸ್ಟೆಪ್ನಿ ಬದ್ಲಾಯಿಸ್ತೀನಿ ಸಾರ್. ಬ್ಯಾಟರಿ ನೋಡ್ತೀನಿ. ಪ್ಲಗ್ ಕ್ಲೀನ್ ಮಾಡ್ತೀನಿ. ಅಪ್ಪನ ಟಿ.ವಿ.ಎಸ್. ಗಾಡಿ ನಾನೇ ನೋಡ್ಕೊಳ್ಳೋದು.”

ಅಪ್ಪ ನಕ್ಕರು. ಹೆಮ್ಮೆಯೂ ಇತ್ತು, ಮುಜುಗರವೂ ಇತ್ತು ಆ ನಗುವಿನಲ್ಲಿ. ಹುಡುಗಿಗೆ ಐ.ಟಿ.ಐ. ಸೇರಿ ಎಲೆಕ್ಟ್ರಿಶಿಯನ್ ಟ್ರೇಡ್ ಮಾಡಬೇಕೆಂದು ಆಸೆ. ಅಪ್ಪನಿಗೆ ಪಿಯುಸಿ ಆರ್ಟ್ಸ್ ಸೇರಿಸಬೇಕೆಂಬ ಮನಸ್ಸು. ಅಂಗಡಿ ಕಟ್ಟೆಯ ಮೇಲೆ ಸಕ್ಕರೆ ಮೂಟೆಗೆ ಒರಗಿ ನಿಂತೇ ಇಬ್ಬರ ವಾದ.

“ಸಾರ್, ನೀವು ಪೇಪರ್‌ನೋರು, ನೀವೇ ಹೇಳ್ರಿ. ಹೆಣ್ಣುಡುಗಿ ಕಂಬ ಹತ್ತಾಕಾಗ್ತತೇನ್ರಿ? ನಾಳೆ ಗಂಡಿನ್ ಕಡೇರು ಬಂದು ಏನ್ ಓದೈತೆ ಅಂದ್ರೆ ಐ.ಟಿ.ಐ. ಅನ್ನಾಕೆ ನಾಚ್ಕೆ ಆಗಲ್ಲೇನ್ರಿ?”

“ಅಪ್ಪಾ, ಎಲೆಕ್ಟ್ರಿಶಿಯನ್ ಅಂದ್ರೆ ಬರೀ ಕಂಬ ಹತ್ತೋದಲ್ಲಪ್ಪಾ. ಫ್ಯಾಕ್ಟ್ರಿನಾಗೆ ಪ್ಯಾನಲ್ ಇರ್ತಾವೆ. ಆಸ್ಪತ್ರೆನಾಗೆ ಇರ್ತಾವೆ. ನಮ್ ಸರ್ ಹೇಳ್ಯಾರೆ.”

“ನಿಮ್ ಸರ್ ಹೇಳ್ತಾರೆ. ಮದ್ವಿ ಮಾಡೋನು ನಾನು.”

ಈ ಅಪ್ಪನನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಆತ ಹೇಳುತ್ತಿರುವುದು ಊರು ಹೇಳುವ ಮಾತು. ಈ ವರದಿಗಾರನೂ ಪಿಯುಸಿ ಅರ್ಧಕ್ಕೇ ಕಾಲೇಜಿಗೆ ನಮಸ್ಕಾರ ಹೇಳಿ ಪ್ರೆಸ್ಸಿಗೆ ಬಂದವ, ಯಾರಿಗೂ ಉಪದೇಶ ಮಾಡುವ ಗತ್ತು ನನಗಿಲ್ಲ. ಒಂದು ಹೆಸರನ್ನು ಮಾತ್ರ ಹೇಳಿದೆ: ಸುರೇಖಾ ಯಾದವ್. ಮಹಾರಾಷ್ಟ್ರದ ಸತಾರಾ ಜಿಲ್ಲೆಯ ರೈತರ ಮನೆಯ ಹುಡುಗಿ, ಕರಾಡದ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದಾಕೆ. 1989ರಲ್ಲಿ ಸಹಾಯಕ ಡ್ರೈವರ್ ಆಗಿ ರೈಲ್ವೆಗೆ ಸೇರಿದರು. ಏಷ್ಯಾದಲ್ಲೇ ರೈಲು ಓಡಿಸಿದ ಮೊದಲ ಹೆಂಗಸು ಎಂದು ಹೆಸರಾದರು. 2025ರ ಸೆಪ್ಟೆಂಬರಿನಲ್ಲಿ ನಿವೃತ್ತರಾದರು. ಡಿಗ್ರಿ ಇರಲಿಲ್ಲ, ಡಿಪ್ಲೊಮಾ ಇತ್ತು.

ಅಪ್ಪ ಒಂದು ಗಳಿಗೆ ಸುಮ್ಮನಿದ್ದು, “ಸತಾರಾದೋರು ಮಾಡಬೋದು ಬಿಡ್ರಿ” ಎಂದರು. ಮಗಳು ಮಾತ್ರ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಮೊಬೈಲಿನಲ್ಲಿ ಬರೆದುಕೊಂಡಳು.

ಹೊರಗೆ ಬರುವ ಬಾಗಿಲು ಈಗ ಇದೆ

ಅಂಗಡಿಕಾರರಿಗೆ ಲೆಕ್ಕ ಇಷ್ಟ. ಹಾಗಾಗಿ ಒಂದು ಲೆಕ್ಕ ಕೊಡುತ್ತೇನೆ, ಪೆನ್ಸಿಲ್ ಹಿಡಿದುಕೊಳ್ಳಿ.

ಹತ್ತನೇ ಕ್ಲಾಸಿನ ನಂತರ ಪಿಯುಸಿ ಸೈನ್ಸು ಎರಡು ವರ್ಷ, ಇಂಜಿನಿಯರಿಂಗ್ ನಾಲ್ಕು ವರ್ಷ. ಒಟ್ಟು ಆರು. ಇದು ಎಲ್ಲರಿಗೂ ಗೊತ್ತಿರುವ ಹೆದ್ದಾರಿ. ಇನ್ನೊಂದು ದಾರಿ: ಹತ್ತರ ನಂತರ ಎಲೆಕ್ಟ್ರಿಶಿಯನ್ ಅಥವಾ ಫಿಟ್ಟರ್ ಥರದ ಎರಡು ವರ್ಷದ ಐ.ಟಿ.ಐ. ಅದನ್ನು ಚೆನ್ನಾಗಿ ಪಾಸು ಮಾಡಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಪ್ರವೇಶಕ್ಕೆ ಅವಕಾಶ. ಅಲ್ಲಿ ಇನ್ನೆರಡು ವರ್ಷ. ಡಿಪ್ಲೊಮಾ ಮುಗಿಸಿ ಡಿ.ಸಿ.ಇ.ಟಿ. ಪರೀಕ್ಷೆ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೀಟು. ಅಲ್ಲಿ ಮೂರು ವರ್ಷ. ಎರಡು, ಎರಡು, ಮೂರು: ಏಳು. ಹೆದ್ದಾರಿಗಿಂತ ಒಂದೇ ವರ್ಷ ಜಾಸ್ತಿ.

ವ್ಯತ್ಯಾಸ ಎಲ್ಲಿದೆ ನೋಡಿ. ಹೆದ್ದಾರಿಯಲ್ಲಿ ನಡುವೆ ಗಾಡಿ ಕೆಟ್ಟರೆ, ಅಂದರೆ ಪಿಯುಸಿ ಫೇಲಾದರೆ, ಹುಡುಗನ ಕೈಯಲ್ಲಿ ಉಳಿಯುವುದು ಎಸ್ಸೆಸ್ಸೆಲ್ಸಿ ಕಾರ್ಡು ಮಾತ್ರ. ಎರಡನೇ ದಾರಿಯಲ್ಲಿ ಎಲ್ಲಿ ಇಳಿದರೂ ಕೈಯಲ್ಲೊಂದು ಸರ್ಟಿಫಿಕೇಟು, ಬೆರಳಲ್ಲೊಂದು ಕಸುಬು. ಎರಡು ವರ್ಷಕ್ಕೆ ಇಳಿದವನು ವೈರ್‌ಮನ್, ನಾಲ್ಕು ವರ್ಷಕ್ಕೆ ಇಳಿದವನು ಸೂಪರ್‌ವೈಸರ್. ಜೆ.ಒ.ಸಿ.ಗೆ ಇಲ್ಲದಿದ್ದ ಮೆಟ್ಟಿಲು ಇದೇ. ಎಲ್ಲರೂ ಮೇಲಿನ ಮೆಟ್ಟಿಲವರೆಗೆ ಹತ್ತುತ್ತಾರೆ ಅಂತ ಹೇಳುತ್ತಿಲ್ಲ. ಐ.ಟಿ.ಐ.ಯಲ್ಲಿ ಕನ್ನಡದಲ್ಲಿ ಓದಿ ಬಂದ ಹುಡುಗ ಡಿಪ್ಲೊಮಾದ ಗಣಿತಕ್ಕೆ ತಡವರಿಸುತ್ತಾನೆ, ಎಷ್ಟೋ ಮಂದಿ ಅಲ್ಲೇ ಕೈಚೆಲ್ಲುತ್ತಾರೆ. ಆದರೆ ಏಣಿ ಇರುವುದು ಬೇರೆ, ಇಲ್ಲದಿರುವುದು ಬೇರೆ.

ಇನ್ನು ರೈಲ್ವೆ. ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಅರ್ಜಿ ಹಾಕಬೇಕಾದರೆ ಹತ್ತನೇ ಕ್ಲಾಸಿನ ಜೊತೆ ನಿಗದಿಯಾದ ಟ್ರೇಡಿನ ಐ.ಟಿ.ಐ. ಬೇಕು, ಇಲ್ಲವೇ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್. ಬರೀ ಪಿಯುಸಿ ಆರ್ಟ್ಸ್, ಬಿ.ಎ. ಮಾಡಿದವರು ಆ ಅರ್ಜಿಯನ್ನು ಮುಟ್ಟುವ ಹಾಗಿಲ್ಲ. ಹುಬ್ಬಳ್ಳಿಯಲ್ಲಿ ವಲಯ ಕಚೇರಿ, ವರ್ಕ್‌ಶಾಪು ಎರಡೂ ಇರುವ ನಮ್ಮ ಭಾಗದಲ್ಲಿ ಇದು ಎಷ್ಟು ಪಾಲಕರಿಗೆ ಗೊತ್ತು?

ಐ.ಟಿ.ಐ. ಮುಗಿದ ಕೂಡಲೇ ಅಪ್ರೆಂಟಿಸ್ ಆಗಿ ಸೇರುವ ಅವಕಾಶವೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಇದಕ್ಕೆಂದೇ ಇದೆ. 2019ರ ನಿಯಮದಲ್ಲಿ ಐ.ಟಿ.ಐ. ಪ್ರಮಾಣಪತ್ರ ಇದ್ದವರಿಗೆ ತಿಂಗಳಿಗೆ ಕನಿಷ್ಠ 7000 ರೂಪಾಯಿ ಭತ್ಯೆ ಗೊತ್ತುಮಾಡಲಾಯಿತು. ಈ ಭತ್ಯೆಗಳನ್ನು ಶೇ. 36ರಷ್ಟು ಏರಿಸಬೇಕೆಂದು 2025ರಲ್ಲಿ ಕೇಂದ್ರದ ಅಪ್ರೆಂಟಿಸ್ ಮಂಡಳಿ ಶಿಫಾರಸು ಮಾಡಿದೆ. ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಏಳು ಸಾವಿರದಲ್ಲಿ ತಿಂಗಳು ದೂಡುವುದು ಹೇಗೆ ಎಂದು ಮಾತ್ರ ಯಾವ ಮಂಡಳಿಯೂ ಹೇಳುವುದಿಲ್ಲ. ನಮ್ಮ ಹುಡುಗರು ನಾಲ್ವರು ಸೇರಿ ಒಂದು ರೂಮು ಹಿಡಿದು, ಊರಿಂದ ರೊಟ್ಟಿ ಕಟ್ಟಿಸಿಕೊಂಡು ಹೋಗಿ ದೂಡುತ್ತಾರೆ.

ಮಷೀನಿನ ಮೇಲೆ ಬೆರಳಿಟ್ಟು ನೋಡಿ

ಇಷ್ಟು ಓದಿ ನಾಳೆಯೇ ಯಾವುದೋ ಐ.ಟಿ.ಐ.ಗೆ ದುಡ್ಡು ಕಟ್ಟಿ ಬಂದೀರಿ, ತಾಳಿ. ಐ.ಟಿ.ಐ. ಅಂದರೆ ಎಲ್ಲವೂ ಒಂದೇ ಅಲ್ಲ. ಬೋರ್ಡು ಒಂದೇ ಥರ ಇರುತ್ತದೆ, ಒಳಗೆ ನೋಡಬೇಕು.

ಟರ್ನರ್ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಹರಿಹರದ ಹಿರಿಯರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. “ಸೇರೋಕಿಂತ ಮುಂಚೆ ವರ್ಕ್‌ಶಾಪ್ ತೋರ್ಸಿ ಅನ್ರಿ. ಲೇತ್ ಮೇಲೆ ಬೆರಳಿಟ್ಟು ಎಳೀರಿ. ಬೆರಳಿಗೆ ಎಣ್ಣೆ ಅಂಟಿದ್ರೆ ಸೇರ್ರಿ. ಧೂಳು ಅಂಟಿದ್ರೆ ವಾಪಸ್ ಬರ್ರಿ.” ಇದಕ್ಕಿಂತ ಒಳ್ಳೆ ತನಿಖೆ ಯಾವ ಇನ್‌ಸ್ಪೆಕ್ಟರೂ ಮಾಡಲಾರ.

ಈ ಹಿರಿಯರು ಮೈಸೂರು ಕಿರ್ಲೋಸ್ಕರ್‌ನಲ್ಲಿ ಇದ್ದವರು. 1941ರಲ್ಲಿ ಹರಿಹರದಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ಮೂಲೆ ಮೂಲೆಗೆ ಹೋದವು. ಟರ್ನರ್, ಫಿಟ್ಟರ್ ಕಲಿತ ಹುಡುಗನಿಗೆ ಆಗ ಹರಿಹರದಲ್ಲಿ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಖಾನೆ ನಿಂತುಹೋಯಿತು. ನಮ್ಮ ದಾವಣಗೆರೆಯ ಹತ್ತಿ ಗಿರಣಿಗಳದ್ದೂ ಅದೇ ಕಥೆ, ಡಿ.ಸಿ.ಎಂ. ಎಂಬುದು ಈಗ ಬಡಾವಣೆಯ ಹೆಸರು, ಬಸ್ಸಿನ ಸ್ಟಾಪು. ನಾಚಿಕೆಯ ಬೇರು ಇಲ್ಲಿದೆ ಎಂದು ನನ್ನ ಅನುಮಾನ. ಕಸುಬಿಗೆ ಮರ್ಯಾದೆ ಕೊಟ್ಟಿದ್ದು ಕಾರ್ಖಾನೆಯ ಸೈರನ್ನು. ಸೈರನ್ ನಿಂತ ಮೇಲೆ ಕಸುಬಿನವನ ಮರ್ಯಾದೆಯೂ ಇಳಿಯಿತು. ಅಪ್ಪ ಟರ್ನರ್ ಆಗಿ ಬೀದಿಗೆ ಬಿದ್ದದ್ದನ್ನು ಕಂಡ ಮಗ ತನ್ನ ಮಗನನ್ನು ಟರ್ನರ್ ಮಾಡುತ್ತಾನೆಯೇ?

ಅದೇ ಹರಿಹರದಲ್ಲಿ ಈಗ ಜಿ.ಟಿ.ಟಿ.ಸಿ. ಇದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಎಂದು ಉದ್ದದ ಹೆಸರು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹುಟ್ಟಿ, ಆಮೇಲೆ ರಾಜ್ಯದ ಹಲವು ಊರುಗಳಿಗೆ ಹಬ್ಬಿದ ಸಂಸ್ಥೆ. ಎಸ್ಸೆಸ್ಸೆಲ್ಸಿ ಆದವರು ಇಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಬಹುದು. ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಬೆವರು ಸುರಿಸುವ ಓದು, ಬೆಳಿಗ್ಗೆ ಹೋದರೆ ಸಂಜೆವರೆಗೆ ನಿಂತೇ ಇರಬೇಕು. ಆದರೆ ಅಲ್ಲಿಂದ ಬಂದವರು ಕೆಲಸವಿಲ್ಲದೆ ಕೂತಿರುವುದನ್ನು ನೋಡಿಲ್ಲ ಎಂದು ಗ್ಯಾರೇಜು, ವರ್ಕ್‌ಶಾಪಿನವರು ಹೇಳುತ್ತಾರೆ. ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ನಿಂತು ಹೋಗುವವರಲ್ಲಿ ಎಷ್ಟೋ ಜನರಿಗೆ ಇಂಥದೊಂದು ಅಲ್ಲಿದೆ ಎಂದೇ ಗೊತ್ತಿಲ್ಲ.

ಸರ್ಕಾರಿ ಐ.ಟಿ.ಐ.ಗಳ ಸ್ಥಿತಿ ಮೊದಲಿನಂತಿಲ್ಲ ಎಂಬುದನ್ನೂ ಹೇಳಬೇಕು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐ.ಟಿ.ಐ.ಗಳನ್ನು ಮೇಲ್ದರ್ಜೆಗೆ ಏರಿಸಿತು, 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ಖರ್ಚು ಸುಮಾರು 4700 ಕೋಟಿ ರೂಪಾಯಿ ಎಂದು ಆಗ ಹೇಳಲಾಯಿತು. ರೋಬೊ, ಸಿ.ಎನ್.ಸಿ. ಮಷೀನು, ವಿದ್ಯುತ್ ವಾಹನದ ಮೆಕ್ಯಾನಿಕ್ ಕೋರ್ಸು ಎಲ್ಲ ಬಂದವು. ಮಷೀನು ಬಂದದ್ದು ಸಂತೋಷ. ಅದನ್ನು ಹೇಳಿಕೊಡುವ ಖಾಯಂ ಮೇಷ್ಟ್ರು ಎಲ್ಲ ಕಡೆ ಇದ್ದಾರೆಯೇ? ಹರಿಹರದ ಹಿರಿಯರ ಬೆರಳ ಪರೀಕ್ಷೆ ಇಲ್ಲಿಗೂ ಅನ್ವಯ.

ಖಾಸಗಿ ಸಂಸ್ಥೆಯಾದರೆ ಇನ್ನೂ ಒಂದು ಕೇಳಿ: ನಿಮ್ಮ ಮಗ ಸೇರುವ ಟ್ರೇಡಿಗೆ ಎನ್.ಸಿ.ವಿ.ಟಿ. ಮಾನ್ಯತೆ ಇದೆಯೇ? ಸಂಸ್ಥೆಗೆ ಇದ್ದರೆ ಸಾಲದು, ಆ ಟ್ರೇಡಿಗೇ ಇರಬೇಕು. “ಬರ್ತದೆ, ಅಪ್ಲೈ ಮಾಡೀವಿ” ಅಂದರೆ ಎದ್ದು ಬನ್ನಿ. “ಅಟೆಂಡೆನ್ಸ್ ನಾವು ನೋಡ್ಕೋತೀವಿ, ಪರೀಕ್ಷೆಗೆ ಬಂದ್ರೆ ಸಾಕು” ಅನ್ನುವವರನ್ನು ಕಂಡರೆ ಇನ್ನೂ ಬೇಗ ಎದ್ದು ಬನ್ನಿ. ಸ್ವಿಚ್ ಬೋರ್ಡ್ ಮುಟ್ಟದೆ ಎಲೆಕ್ಟ್ರಿಶಿಯನ್ ಆದವನು ನಾಳೆ ನಿಮ್ಮ ಅಂಗಡಿಗೇ ವೈರಿಂಗಿಗೆ ಬಂದಾನು.

ಸೈನ್ಸಿಗೆ ಸುರಿದ ಸಾಲ

ಇಷ್ಟಾಗಿಯೂ ಜನ ಸೈನ್ಸಿಗೇ ಮುಗಿಬೀಳುವುದೇಕೆ? ಮರ್ಯಾದೆ ಒಂದು. ಇನ್ನೊಂದು, ಪಕ್ಕದ ಮನೆ. ಶೇ. 90 ತೆಗೆದು, ಭೌತಶಾಸ್ತ್ರ, ಗಣಿತ ಇಷ್ಟಪಡುವ ಮಗು ಸೈನ್ಸಿಗೆ ಹೋಗಲಿ, ಯಾರು ಬೇಡ ಅಂದರು? ಗಣಿತದಲ್ಲಿ ಗ್ರೇಸ್ ಮಾರ್ಕ್ಸಿನ ದಯೆಯಿಂದ ದಾಟಿದ ಹುಡುಗನನ್ನು ನೀಟ್ ಕೋಚಿಂಗ್ ಸೇರಿಸಿಕೊಂಡ ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟಿ ಸೇರಿಸುತ್ತಾರಲ್ಲ, ಅಲ್ಲಿ ಬರುತ್ತದೆ ಸಂಕಟ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಂದೆ ಸಂಘದ ಸಾಲ ಎತ್ತಿ ಮಗನಿಗೆ ಸೈನ್ಸ್ ಸೀಟು ಕೊಡಿಸಿದ್ದರು. ಮೊದಲ ವರ್ಷವೇ ಎರಡು ವಿಷಯ ಹೋಯಿತು. ಹುಡುಗ ಕಾಲೇಜಿಗೆ ಹೋಗುತ್ತೇನೆಂದು ಹೊರಟು ಬಸ್ ಸ್ಟ್ಯಾಂಡಿನಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದ. ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಅವನೀಗ ಐ.ಟಿ.ಐ. ಫಿಟ್ಟರ್ ಎರಡನೇ ವರ್ಷ. ಓದುತ್ತಿದ್ದಾನೆ, ಚೆನ್ನಾಗಿಯೇ ಓದುತ್ತಿದ್ದಾನೆ. ಕಾಲೇಜು ಕಟ್ಟಿಸಿಕೊಂಡ ಫೀಸು ವಾಪಸು ಬರಲಿಲ್ಲ. ಸಂಘದ ಕಂತು ಪ್ರತಿ ವಾರ ಹೋಗುತ್ತಲೇ ಇದೆ.

“ಮೊದ್ಲೇ ಹೇಳಬೇಕಿತ್ತಲ್ಲೋ, ನಂಗೆ ಸೈನ್ಸ್ ಬ್ಯಾಡ ಅಂತ?” ಎಂದು ಆ ತಂದೆ ನನ್ನೆದುರೇ ಮಗನನ್ನು ಕೇಳಿದರು.

“ಹೇಳಿದ್ನಲ್ಲಪ್ಪಾ. ನೀನು ಕೇಳ್ಲಿಲ್ಲ” ಎಂದ. ಮುಂದೆ ಇಬ್ಬರೂ ಮಾತಾಡಲಿಲ್ಲ. ನಾನೂ ಮೇಲೆದ್ದೆ.

ಸರ್ಕಾರಿ ಐ.ಟಿ.ಐ.ಯ ವರ್ಷದ ಫೀಸು ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗಿಂತ ಕಡಿಮೆ. ಇದನ್ನು ಯಾರೂ ಫ್ಲೆಕ್ಸ್ ಹಾಕಿ ಹೇಳುವುದಿಲ್ಲ, ಹೇಳಿದರೆ ಲಾಭ ಯಾರಿಗೆ?

ಹೈಸ್ಕೂಲು ಮೇಷ್ಟ್ರುಗಳನ್ನು ಕೇಳಿದರೆ, “ನಮಗೆ ಗಣತಿ, ಬಿಸಿಯೂಟ, ಆನ್‌ಲೈನ್ ಎಂಟ್ರಿ ಮುಗಿದ ಮೇಲೆ ಪಾಠಕ್ಕೇ ಟೈಮಿಲ್ಲ, ಮಾರ್ಗದರ್ಶನ ಎಲ್ಲಿಂದ ತರೋಣ” ಎನ್ನುತ್ತಾರೆ. ಅದೂ ನಿಜವೇ. ಹೀಗಾಗಿ ಹದಿನೈದು ವರ್ಷದ ಮಗುವಿಗೆ ಮಾರ್ಗದರ್ಶಕರು ಯಾರೆಂದರೆ ಜೆರಾಕ್ಸ್ ಅಂಗಡಿಯ ಹುಡುಗ. ಆನ್‌ಲೈನ್ ಅರ್ಜಿ ತುಂಬುವವನು ಅವನೇ. ಗಡಿಯಾರ ಕಂಬದ ಹತ್ತಿರ ಅಂಥ ಅಂಗಡಿಯೊಂದರಲ್ಲಿ ಅರ್ಧ ಗಂಟೆ ನಿಂತಿದ್ದೆ. ಒಬ್ಬ ತಾಯಿ, “ಯಾವುದು ಚಲೋ ಐತೆ ನೋಡಿ ಹಾಕಪ್ಪ” ಎಂದು ಹೇಳಿ ಪಕ್ಕಕ್ಕೆ ನಿಂತರು. ಅವನು ಮೊದಲ ಆಯ್ಕೆ, ಎರಡನೇ ಆಯ್ಕೆ ಎಂದು ಒತ್ತುತ್ತಾ ಹೋದ. ಮಗನನ್ನು ಯಾರೂ ಕೇಳಲಿಲ್ಲ. ಅವನು ಹೊರಗೆ ಬೈಕಿನ ಮೇಲೆ ಕೂತಿದ್ದ.

ಇತ್ತ ಮಾಯಕೊಂಡ ಕಡೆಯ ಅಪ್ಪ-ಮಗಳ ವಾದ ಆ ದಿನ ಮುಗಿಯಲಿಲ್ಲ. ಹತ್ತು ದಿನದ ನಂತರ ಅದೇ ಮಂಡಿಪೇಟೆಯಲ್ಲಿ ಮತ್ತೆ ಸಿಕ್ಕರು, ಈ ಸಲ ಅಪ್ಪ ಒಬ್ಬರೇ. ನಾನಾಗಿ ಕೇಳಲಿಲ್ಲ, ಅವರೇ ಶುರುಮಾಡಿದರು.

“ಸಾರ್, ಆ ಐ.ಟಿ.ಐ. ಬಿಡೋದು ಎಷ್ಟೊತ್ತಿಗೆ? ಸಂಜಿಕೆ ಐದು ಅಂದ್ರೆ ನಮ್ಮೂರ ಕಡೆ ಸರ್ಕಾರಿ ಬಸ್ ಐತೇನ್ರಿ? ಪ್ರೈವೇಟ್ ಬಸ್ಸಿನಾಗೆ ಫ್ರೀ ನಡೆಯಂಗಿಲ್ಲ.”

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಆದರೆ ನಮ್ಮ ಜಿಲ್ಲೆಯ ಬಹಳಷ್ಟು ಹಳ್ಳಿಗಳಿಗೆ ಓಡುವುದು ಖಾಸಗಿ ಬಸ್ಸು. ಪಿಯುಸಿ ಕಾಲೇಜು ಮಧ್ಯಾಹ್ನವೇ ಬಿಡುತ್ತದೆ, ಐ.ಟಿ.ಐ. ವರ್ಕ್‌ಶಾಪು ಮುಗಿಯುವುದು ಸಂಜೆ. ಕತ್ತಲಾಗುವುದರೊಳಗೆ ಹುಡುಗಿ ಮನೆ ಸೇರುತ್ತಾಳೋ ಇಲ್ಲವೋ ಎಂಬುದರ ಮೇಲೆ ಆಕೆ ಎಲೆಕ್ಟ್ರಿಶಿಯನ್ ಆಗುತ್ತಾಳೋ ಇಲ್ಲವೋ ಎಂಬುದು ನಿಂತಿದೆ. ಆ ಕಡೆಯ ಹಳ್ಳಿಗಳ ಮಾರ್ಗದಲ್ಲಿ ಸಂಜೆ ಐದೂವರೆ ನಂತರ ಒಂದು ಸರ್ಕಾರಿ ಬಸ್ಸು ಬೇಕೆಂದು ಊರವರು ಡಿಪೊಗೆ ಮನವಿ ಕೊಟ್ಟಿದ್ದಾರಂತೆ. ಸಾರಿಗೆ ಅಧಿಕಾರಿಗಳು ಆ ಮನವಿಯನ್ನು ಫೈಲಿನಿಂದ ಹೊರತೆಗೆದು ಓದುವರೇ?

“ಅರ್ಜಿ ಹಾಕಿದ್ರಾ?” ಎಂದೆ.

“ಹಾಕೀವಿ. ಮೊದ್ಲು ಎಲೆಕ್ಟ್ರಿಶಿಯನ್, ಆಮ್ಯಾಲೆ ಫಿಟ್ಟರ್. ಪಿಯುಸಿ ಫಾರಂನೂ ತಂದಿಟ್ಟೀನಿ, ತುಂಬಿಲ್ಲ” ಎಂದು ಸಕ್ಕರೆ ಮೂಟೆ ಲಗೇಜ್ ಆಟೊಗೆ ಹೇರಿಸಲು ಹೋದರು. ಮೊದಲ ಪಟ್ಟಿ ಇನ್ನೂ ಬರಬೇಕಿದೆ.